ಮದ್ದುಗುಂಡಿನ ಕಾರ್ಖಾನೆಯೂ ಸೋಮವಾರದ ಜ್ವರವೂ

2025ನೆಯ ಇಸವಿ ಜನವರಿ 24ರಂದು ಭಂಡಾರಾ ಜಿಲ್ಲೆಯ ಸರಕಾರಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ಸ್ಫೋಟವಾಗಿ 8 ಮಂದಿ ಕಾರ್ಮಿಕರು ಅಸುನೀಗಿದರು. ಅದಕ್ಕೆ ಹದಿಮೂರು ತಿಂಗಳ ಹಿಂದೆ, 2023ರ ದಶಂಬರ 17ರಂದು, ನಾಗಪುರದ ಬಳಿಯ ಬಾಜಾರಗಾಂವಿನ ಖಾಸಗಿ ಸ್ಫೋಟಕ ಕಾರ್ಖಾನೆಯಲ್ಲಿ 9 ಮಂದಿ ಮಡಿದಿದ್ದರು. ಅವರಲ್ಲಿ 6 ಮಂದಿ ಸ್ತ್ರೀಯರು. ಇಂಥ ಅನಾಹುತಗಳು ನಡೆದಾಗ ಮಂತ್ರಿಗಳು ಧಾವಿಸಿ ಬರುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ, ಪತ್ರಿಕೆಗಳ ಮೊದಲ ಪುಟ ತುಂಬುತ್ತದೆ. ಆದರೆ ಯುದ್ಧಸಾಮಗ್ರಿ ತಯಾರಿಸುವ ಕೈಗಳನ್ನು ಸದ್ದಿಲ್ಲದೆ ಸವೆಸುವ ರೋಗಗಳ ಕುರಿತು, ನಮ್ಮನ್ನೂ ಸೇರಿಸಿ, ಪತ್ರಿಕೆಯವರು ಬರೆದದ್ದು ತೀರಾ ಕಡಿಮೆ.

ಠಾಕುರ್ಲಿಯಲ್ಲಿ ವಾಸಿಸುವ ನಮಗೆ ಇದು ದೂರದ ವಿಷಯವಲ್ಲ. ಕಲ್ಯಾಣದಿಂದ ಕರ್ಜತ್ ಗಾಡಿ ಹಿಡಿದರೆ ಮೂರನೆಯ ನಿಲ್ದಾಣವೇ ಅಂಬರನಾಥ. ಅಲ್ಲಿ ಎರಡು ರಕ್ಷಣಾ ಕಾರ್ಖಾನೆಗಳುಂಟು: ಒಂದು ಲೋಹದ ಕೆಲಸದ್ದು, ಇನ್ನೊಂದು ಯಂತ್ರೋಪಕರಣಗಳದ್ದು. 2021ರ ಅಕ್ಟೋಬರ 1ರಂದು ದೇಶದ 41 ಆರ್ಡ್‌ನೆನ್ಸ್ ಕಾರ್ಖಾನೆಗಳನ್ನು 7 ಕಂಪೆನಿಗಳಾಗಿ ಹಂಚಿದಾಗ ಮೊದಲನೆಯದು ಯಂತ್ರ ಇಂಡಿಯಾ ಕಂಪೆನಿಗೆ ಸೇರಿತು. ಅಲ್ಲಿ ಇಂತಿಷ್ಟು ಮಂದಿ ರೋಗಿಗಳಿದ್ದಾರೆಂದು ನಾವು ಹೇಳುತ್ತಿಲ್ಲ. ಇಂಥ ಉದ್ಯೋಗದ ಸ್ವಭಾವ ಏನೆಂಬುದನ್ನು ಮಾತ್ರ ವಾಚಕರ ಮುಂದಿಡುತ್ತಿದ್ದೇವೆ.

ತೋಟಾದ ಕವಚಕ್ಕೆ ಬಳಸುವ ಹಿತ್ತಾಳೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಹಿತ್ತಾಳೆ ಕರಗಲು ಒಂಬೈನೂರು ಡಿಗ್ರಿಗೂ ಮೀರಿದ ಶಾಖ ಬೇಕು; ಸತುವಾದರೋ 907 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುತ್ತದೆ. ಆದುದರಿಂದ ಎರಕದ ಕುಲುಮೆಯಿಂದ ಸತುವಿನ ಬಿಳಿಯ ಹೊಗೆ ಏಳುವುದು ಕೆಲಸಗಾರನ ತಪ್ಪಲ್ಲ, ಲೋಹದ ಗುಣ. ಹೊಗೆಯನ್ನು ಹೀರಿ ಹೊರಗಟ್ಟುವ ವ್ಯವಸ್ಥೆ ಸರಿಯಿಲ್ಲದಿದ್ದರೆ ಅದನ್ನು ಉಸಿರಾಡಿದವನಿಗೆ ಸಂಜೆಯ ಹೊತ್ತಿಗೆ ಚಳಿಜ್ವರ, ಮೈನೋವು, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನದೊಳಗೆ ಎಲ್ಲವೂ ಮಾಯ. ದಿನವೂ ಹೊಗೆ ಕುಡಿದ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಭಾನುವಾರದ ರಜೆಯಲ್ಲಿ ಆ ಒಗ್ಗಿಕೆ ಹೋಗಿ ಸೋಮವಾರ ಜ್ವರ ಮರಳುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆಯ ವೈದ್ಯರು ಇದನ್ನು ಮಲೇರಿಯಾ ಎಂದೆಣಿಸಿದರೆ ಆಶ್ಚರ್ಯವಿಲ್ಲ. ರೋಗಿಯೊಡನೆ ‘ನಿನ್ನ ಕಸುಬು ಯಾವುದು?’ ಎಂದು ಕೇಳಲೇಬೇಕೆಂದು ಇಟಲಿಯ ರಾಮಾಜ್ಜಿನಿ ಎಂಬ ವೈದ್ಯನು 1700ರಷ್ಟು ಹಿಂದೆಯೇ ಬರೆದಿಟ್ಟನು. ಇಂದಿಗೂ ಎಷ್ಟು ದವಾಖಾನೆಗಳಲ್ಲಿ ಆ ಪ್ರಶ್ನೆ ಕೇಳುತ್ತಾರೆಂಬುದನ್ನು ವಾಚಕರು ತಮ್ಮ ಅನುಭವದಿಂದಲೇ ಬಲ್ಲರು.

ನೈಟ್ರೋಗ್ಲಿಸರಿನ್ ಬೆರೆಸುವವರಿಗೂ ಸೋಮವಾರವೇ ತಲೆನೋವು. ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಹೃದ್ರೋಗಿಗಳಿಗೆ ಅದನ್ನೇ ಔಷಧವಾಗಿ ಕೊಡುವುದು ಈ ಗುಣಕ್ಕಾಗಿ. ವರ್ಷಗಟ್ಟಲೆ ಅದರಲ್ಲಿ ದುಡಿದವರಿಗೆ ರಜಾದಿನದಲ್ಲಿ, ಪದಾರ್ಥದ ಸಂಪರ್ಕ ತಪ್ಪಿದಾಗ, ಎದೆನೋವು ಬಂದು ಪ್ರಾಣವೇ ಹೋದದ್ದುಂಟು. ಮನೆಯಲ್ಲಿ ಸತ್ತವನ ಸಾವನ್ನು ಕಾರ್ಖಾನೆಯ ಲೆಕ್ಕಕ್ಕೆ ಯಾರು ಬರೆಯುವರು? ಟಿ.ಎನ್.ಟಿ.ಯ ಕಥೆಯೂ ಹಳೆಯದೇ. ಮೊದಲನೆಯ ಮಹಾಯುದ್ಧದಲ್ಲಿ ಗುಂಡಿಗೆ ಮದ್ದು ತುಂಬಿದ ಬ್ರಿಟನ್ನಿನ ಹೆಂಗಸರ ಮೈ ಹಳದಿಯಾಯಿತು, ಯಕೃತ್ತು ಕೆಟ್ಟು ಹಲವರು ತೀರಿಕೊಂಡರು. ಕೊನೆಗೆ 1916ರಲ್ಲಿ ಆ ಕಾಮಾಲೆಯನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂಬ ಕಟ್ಟಳೆ ಬಂತು. ವರದಿ ಕಡ್ಡಾಯವಾದ ಮೇಲೆಯೇ ರೋಗದ ಲೆಕ್ಕ ಸಿಕ್ಕಿತು.

ಅಮೆರಿಕದ ಭೂಸೇನೆಯಲ್ಲಿ ಹೊಸ ಆಯುಧವಾಗಲಿ ವಾಹನವಾಗಲಿ ಸಿಪಾಯಿಯ ಕೈಸೇರುವ ಮೊದಲು ಅದರ ಶಬ್ದ, ಹೊಗೆ, ಕಂಪನ, ಶಾಖ, ವಿಕಿರಣಗಳನ್ನು ಅಳೆದು ಅಪಾಯದ ದರ್ಜೆ ನಿರ್ಣಯಿಸುವ ಕ್ರಮವುಂಟು. ಬಳಸುವವನಿಗೆ ಇರುವ ಈ ಎಚ್ಚರಿಕೆ ತಯಾರಿಸುವವನಿಗೂ ಸಲ್ಲತಕ್ಕದ್ದು. ಅಳೆಯುವುದು ಕಷ್ಟವೂ ಅಲ್ಲ. ಕೆಲಸಗಾರನ ಮೂಗಿನ ಮಟ್ಟದ ಗಾಳಿಯನ್ನು ಹಿಡಿದು ಪರೀಕ್ಷಿಸಬೇಕು. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದಿನಲ್ಲಿ ಸೀಸದ ಸಂಯುಕ್ತಗಳಿರುವುದರಿಂದ ಅಲ್ಲಿ ದುಡಿಯುವವರ ರಕ್ತದ ಸೀಸವನ್ನು ನೋಡಬೇಕು. ಪ್ರೆಸ್ಸುಗಳ ಬಳಿ ನಿಲ್ಲುವವರ ಕಿವಿಯನ್ನು ವರ್ಷವರ್ಷವೂ ಪರೀಕ್ಷಿಸಬೇಕು. ಸದ್ದಿನಿಂದ ಕೆಡುವ ಕಿವಿ ಮೊದಲು 4000 ಹರ್ಟ್ಸಿನ ಸುತ್ತಲಿನ ಸ್ವರಗಳನ್ನು ಕಳೆದುಕೊಳ್ಳುತ್ತದೆ. ಮಾತು ಕೇಳುತ್ತಲೇ ಇರುವುದರಿಂದ ಅವನಿಗೇ ಅದು ತಿಳಿಯುವುದಿಲ್ಲ.

ನಮ್ಮ ಹೊಟೇಲಿನವರಿಗೆ ಇಲ್ಲಿ ಒಂದು ಮಾತು. ಸೀಸ ಹೊಟ್ಟೆಗೆ ಹೋಗುವ ದೊಡ್ಡ ದಾರಿ ಕೈ ಮತ್ತು ಬಾಯಿ. ಸಾಬೂನಿಲ್ಲದ ನಲ್ಲಿ, ಕೆಲಸದ ಬಟ್ಟೆಯಲ್ಲಿಯೇ ಕುಳಿತು ಉಣ್ಣುವ ಪಂಕ್ತಿ, ಊಟದ ನಡುವಿನ ಬೀಡಿ, ಇವನ್ನು ಕ್ಯಾಂಟೀನು ನಡೆಸುವವನು ತಡೆದಷ್ಟು ಯಾವ ವೈದ್ಯನೂ ತಡೆಯಲಾರನು. ಆ ಬಟ್ಟೆ ಚಾಳಿಗೆ ಬಂದರೆ ಧೂಳು ಮಕ್ಕಳಿಗೂ ಮುಟ್ಟುತ್ತದೆ.

ಕಾಯಿದೆಯ ಕೊರತೆಯಿಲ್ಲ. ಭೋಪಾಲ ದುರಂತದ ತರುವಾಯ 1987ರಲ್ಲಿ ತಿದ್ದಿದ ಕಾರ್ಖಾನೆ ಕಾಯಿದೆಯು ಅಪಾಯಕರ ಕೆಲಸದವರ ಆರೋಗ್ಯದ ದಾಖಲೆ ಇಡಬೇಕು, ಕೆಲಸಕ್ಕೆ ಹಚ್ಚುವ ಮೊದಲೇ ಪರೀಕ್ಷಿಸಬೇಕು ಎಂದಿತು. 2025ರ ನವೆಂಬರ 21ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ 2020ರ ಸಂಹಿತೆಯಲ್ಲಿಯೂ ಆರೋಗ್ಯದ ದಾಖಲೆಯನ್ನು ಕಾರ್ಮಿಕನಿಗೆ ಕಾಣಗೊಡಬೇಕೆಂಬ ವಿಧಿಯುಂಟು. ಸೀಸದ ವಿಷವೂ ಸದ್ದಿನಿಂದ ಬಂದ ಕಿವುಡೂ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ರಕ್ಷಣೆಯ ಗುಟ್ಟೆಂಬ ಪರದೆಯನ್ನು ಇಲ್ಲಿ ಎಳೆಯಬಾರದು. ಮದ್ದಿನ ಪಾಕ ಗುಟ್ಟಾಗಿರಲಿ. ಕೆಲಸಗಾರನ ರಕ್ತದಲ್ಲಿ ಸೀಸವೆಷ್ಟೆಂಬುದು ಅವನಿಗೆ ಗುಟ್ಟಾಗಬೇಕಾಗಿಲ್ಲ.

ಹೀಗಿದ್ದೂ ನಮ್ಮ ಚಿಂತೆ ಮುಖ್ಯವಾಗಿ ಗುತ್ತಿಗೆಯ ಹುಡುಗರದು. ಖಾಯಂ ನೌಕರನಿಗೆ ಆಸ್ಪತ್ರೆಯ ಕಡತವಾದರೂ ಇದ್ದೀತು. ಗುತ್ತಿಗೆದಾರ ಬದಲಾದಂತೆಲ್ಲ ಹುಡುಗ ಹೊಸಬನೆಂದು ದಾಖಲಾಗುತ್ತಾನೆ. ಸೇರಿದ ದಿನ ಅವನ ಕಿವಿ ಹೇಗಿತ್ತು, ರಕ್ತ ಹೇಗಿತ್ತು ಎಂಬುದಕ್ಕೆ ಕಾಗದವೇ ಇರುವುದಿಲ್ಲ. ಹತ್ತು ವರ್ಷಗಳ ಮೇಲೆ ಪರಿಹಾರ ಕೇಳಿದರೆ ‘ಇದು ಮೊದಲೇ ಇತ್ತು’ ಎಂಬ ಒಂದೇ ವಾಕ್ಯಕ್ಕೆ ಅವನು ಸೋಲುತ್ತಾನೆ. ಆದುದರಿಂದ ದಾಖಲೆಯು ಗುತ್ತಿಗೆದಾರನೊಡನೆ ಹೋಗದೆ ಕಾರ್ಮಿಕನೊಡನೆ ಹೋಗುವಂತೆ ಕಂಪೆನಿಗಳು ವ್ಯವಸ್ಥೆ ಮಾಡಬೇಕೆಂಬುದು ನಮ್ಮ ಆಗ್ರಹ. ಅಲ್ಲಿಯ ವರೆಗೆ, ಕಚೇರಿಗಳಲ್ಲಿರುವ ನಮ್ಮ ಗುಮಾಸ್ತ ಬಂಧುಗಳು ಮನೆಯ ಹುಡುಗನ ಮೊದಲ ಪರೀಕ್ಷೆಯ ಪ್ರತಿಯೊಂದನ್ನು ಕೇಳಿ ಪಡೆದು, ತಾರೀಕು ಮತ್ತು ವಿಭಾಗದ ಹೆಸರು ಬರೆದು, ರೇಶನ್ ಕಾರ್ಡಿನ ಜೊತೆಗೆ ಮನೆಯಲ್ಲಿಯೇ ಇಟ್ಟುಕೊಳ್ಳಲಿ.