ಗೇಟಿನ ಮುಂದಿನ ಏಳು ತಾಸು

ನೆಲಮಂಗಲದ ಹತ್ತಿರದ ಪಾರ್ಸೆಲ್ ಹಬ್‌ನಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮೆ 380 ಕಿಲೊಮೀಟರ್. ಇಷ್ಟು ದೂರ ಹೋಗುವ ಸರಕಿಗೆ ಸರ್ಕಾರದ ಇ-ವೇ ಬಿಲ್ ಎರಡು ದಿನ ಕೊಡುತ್ತದೆ. 200 ಕಿಲೊಮೀಟರಿಗೆ ಒಂದು ದಿನ ಎಂಬುದು ಅದರ ಲೆಕ್ಕ. ಆ ಸರಕು ಹೊತ್ತ ಲಾರಿ ಓಡಿಸುವ ನನಗೆ ಕಂಪನಿ ಕೊಡುವುದು ಎಂಟು ತಾಸು. ರಾತ್ರಿ 10ಕ್ಕೆ ಬಿಟ್ಟರೆ ಬೆಳಿಗ್ಗೆ 6ಕ್ಕೆ ಹುಬ್ಬಳ್ಳಿಯ ಗೇಟಿನಲ್ಲಿ ಗಾಡಿಯ ಎಂಟ್ರಿ ಬೀಳಬೇಕು. ಒಂದು ತಾಸು ತಡವಾದರೆ ಬತ್ತಾದಲ್ಲಿ 200 ರೂಪಾಯಿ ಹೋಗುತ್ತದೆ.

ಪಾರ್ಸೆಲ್ ಲಾರಿ ಓಡಿಸಲು ಹತ್ತಿ ನನಗೆ 19 ವರ್ಷವಾಯಿತು. ಮೊದಲು ಬಾಡಿ ಲಾರಿ, ಈಗ 32 ಅಡಿಯ ಕಂಟೇನರ್. ಹುಬ್ಬಳ್ಳಿ ಸೀಮೆಯಲ್ಲಿ ಹುಟ್ಟಿದವನಿಗೆ ಈ ಕಸುಬು ದೂರದ್ದಲ್ಲ. 1976ರಲ್ಲಿ ವಿಜಯ ಸಂಕೇಶ್ವರರು ಗದಗದಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವ್ಯವಹಾರ ಹುಬ್ಬಳ್ಳಿಗೆ ಬಂದು ದೇಶಕ್ಕೆಲ್ಲ ಹಬ್ಬಿದ್ದನ್ನು ನೋಡುತ್ತ ನಮ್ಮ ಓರಗೆಯ ಎಷ್ಟೋ ಹುಡುಗರು ಸ್ಟೇರಿಂಗ್ ಹಿಡಿದೆವು. ನಾನು ದುಡಿದದ್ದು ಅಲ್ಲಲ್ಲ, ಬೇರೆ ಮೂರು ಕಂಪನಿಗಳಲ್ಲಿ. ಅವುಗಳ ಹೆಸರು ಬರೆಯುವುದಿಲ್ಲ. ಮೂರು ಕಡೆಯೂ ಗೇಟು ಒಂದೇ ತರಹ ಇತ್ತು, ನಾನು ಹೇಳಬೇಕಾದದ್ದು ಆ ಗೇಟಿನ ಬಗ್ಗೆ.

ಎಂಟು ತಾಸು ಸಾಲದು ಎಂಬುದು ನನ್ನ ದೂರಲ್ಲ. ರಸ್ತೆ ಮೊದಲಿನ ಹಾಗಿಲ್ಲ. ಕರ್ಜೀವನಹಳ್ಳಿ, ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ ಎಂದು ಟೋಲ್‌ಗಳನ್ನು ಎಣಿಸುತ್ತ ಹೋದರೆ ರಾತ್ರಿ ಕಳೆಯುತ್ತದೆ. ಫಾಸ್ಟ್ಯಾಗ್ ಬಂದ ಮೇಲೆ ಚಿಲ್ಲರೆಗಾಗಿ ನಿಲ್ಲುವುದು ತಪ್ಪಿತು. ಜಿಎಸ್‌ಟಿ ಬಂದು ಚೆಕ್‌ಪೋಸ್ಟ್‌ಗಳೂ ಹೋದವು. ಸ್ಪೀಡ್ ಗವರ್ನರ್ 80ರ ಮೇಲೆ ಗಾಡಿಯನ್ನು ಬಿಡುವುದಿಲ್ಲ, ಬಿಡಬಾರದು ಕೂಡ. ಮೈಯಲ್ಲಿ ನಿದ್ದೆಯ ಸಾಲ ಇಲ್ಲದವನು ಈ ದಾರಿಯನ್ನು ನೆಮ್ಮದಿಯಿಂದ ಓಡಿಸಬಹುದು. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುವ ಹೊತ್ತಿನಲ್ಲಿ ಈ ಕೆಲಸದ ಮೇಲೆ ನನಗೆ ಇವತ್ತಿಗೂ ಪ್ರೀತಿ ಉಕ್ಕುತ್ತದೆ. ಹಿಂದಿನ ಪೆಟ್ಟಿಗೆಯಲ್ಲಿ ಯಾರದೋ ಮಾತ್ರೆ, ಯಾರದೋ ಮದುವೆಯ ಸೀರೆ, ಯಾವುದೋ ಶಾಲೆಯ ಪುಸ್ತಕ. ಸೀಲ್ ಹಾಕಿರುತ್ತಾರೆ, ಒಳಗೆ ಏನಿದೆ ಎಂದು ನಾನು ನೋಡುವ ಹಾಗಿಲ್ಲ. ಆದರೂ ಬೆಳಗಾಗುವುದರೊಳಗೆ ಅದು ಮುಟ್ಟಬೇಕು ಎಂಬ ಜವಾಬ್ದಾರಿ ನನ್ನದು ಎನಿಸುತ್ತದೆ.

ಬೆಳಗಾಗುವುದರೊಳಗೆ ಮುಟ್ಟಿಸುತ್ತೇನೆ. ಮುಂದೆ?

6ಕ್ಕೆ ಗೇಟಿನಲ್ಲಿ ಟೋಕನ್ ಕೊಡುತ್ತಾರೆ. ಹನ್ನೆರಡೋ ಹದಿನಾಲ್ಕೋ ನಂಬರು ಬಂದಿರುತ್ತದೆ. ಮಾಲು ಇಳಿಸುವ ಡಾಕ್ ಇರುವುದು ಆರು. ಅದರಲ್ಲಿ ಎರಡು ಡಾಕ್ ಸ್ಥಳೀಯ ಗಾಡಿಗಳಿಗೆ ಮೀಸಲು. ಮುಂದಿನ ಲಾರಿ ಹತ್ತು ಮೀಟರ್ ಸರಿದಾಗ ನಾನೂ ಸರಿಯಬೇಕು, ಇಲ್ಲದಿದ್ದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೀಗೆ ಇಪ್ಪತ್ತು ನಿಮಿಷಕ್ಕೋ ಅರ್ಧ ತಾಸಿಗೋ ಒಮ್ಮೆ ಎದ್ದು ಗಾಡಿ ಸರಿಸುವವನು ಮಲಗುವುದು ಹೇಗೆ? ಕಣ್ಣು ಹತ್ತಿದರೂ ಅದು ನಿದ್ದೆಯಲ್ಲ.

ಪಾಳಿ ಬಂದು ಡಾಕ್‌ಗೆ ಹಚ್ಚಿದ ಮೇಲೆ ಕೀಲಿಯನ್ನು ಸೆಕ್ಯೂರಿಟಿಯವರ ಕೈಗೆ ಕೊಡಬೇಕು, ಗಾಲಿಗೆ ಕಟ್ಟಿಗೆ ಇಡಬೇಕು, ಡ್ರೈವರ್ ಕ್ಯಾಬಿನ್ ಬಿಟ್ಟು ಇಳಿಯಬೇಕು. ಈ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಹಮಾಲರು ಒಳಗಿರುವಾಗ ಲಾರಿ ಮುಂದೆ ಹೋದರೆ ಮನುಷ್ಯ ಡಾಕ್‌ಗೂ ಗಾಡಿಗೂ ನಡುವೆ ಬೀಳುತ್ತಾನೆ. ಆದರೆ ಇಳಿದವನು ಎಲ್ಲಿಗೆ ಹೋಗಬೇಕು? ನಮ್ಮ ಹಬ್‌ನಲ್ಲಿ ಕಾಂಪೌಂಡಿನ ಹೊರಗೆ ಒಂದು ಬೇವಿನ ಮರ ಇದೆ. ಇಪ್ಪತ್ತು ಜನ ಅದರ ಬುಡದಲ್ಲಿ ಕುಂತಿರುತ್ತೇವೆ. ಕಂಪನಿಯ ಶೌಚಾಲಯ ಒಳಗಿದೆ, ಆದರೆ ಒಳಗೆ ಹೋಗುವ ಪಾಸು ಡ್ರೈವರ್‌ಗಳಿಗಿಲ್ಲ. ಎದುರಿನ ಪೆಟ್ರೋಲ್ ಬಂಕಿನವರು ಸ್ನಾನಕ್ಕೆ ನೀರು ಕೊಡುತ್ತಾರೆ, ಪುಣ್ಯಾತ್ಮರು.

ಮಾಲು ಇಳಿಸಿ, ಪೆಟ್ಟಿಗೆ ಎಣಿಸಿ, ಹರಿದ ಬಾಕ್ಸು ಎಷ್ಟು ಎಂದು ಬರೆದುಕೊಂಡು, ಕಾಗದಕ್ಕೆ ಸಹಿ ಹಾಕಿ ಕೈಗೆ ಕೊಡುವ ಹೊತ್ತಿಗೆ ಮಧ್ಯಾಹ್ನ 1 ಗಂಟೆ. ಊಟ ಮಾಡಿ 2ಕ್ಕೆ ಕ್ಯಾಬಿನ್‌ನಲ್ಲಿ ಮಲಗಿದರೆ ಏಪ್ರಿಲ್ ತಿಂಗಳಿನಲ್ಲಿ ತಗಡು ಕಾದು ಬೆನ್ನು ಸುಡುತ್ತದೆ. 5ಕ್ಕೆ ಫೋನ್ ಬರುತ್ತದೆ, ‘ಲೋಡಿಂಗ್‌ಗೆ ಹಚ್ಚಿರಿ’. ಮತ್ತೆ ಟೋಕನ್, ಮತ್ತೆ ಕೀಲಿ. ರಾತ್ರಿ 10ಕ್ಕೆ ನೆಲಮಂಗಲದ ಕಡೆ ಮುಖ. ಇಪ್ಪತ್ನಾಲ್ಕು ತಾಸಿನಲ್ಲಿ ಕಣ್ಣು ಮುಚ್ಚಿದ್ದು ಮೂರು ತಾಸು, ಅದೂ ಬೆವರಿನಲ್ಲಿ. ಕಂಪನಿಯ ಪುಸ್ತಕದಲ್ಲಿ ಮಾತ್ರ ನಾನು ದುಡಿದದ್ದು ಎಂಟು ತಾಸು, ವಿಶ್ರಾಂತಿ ಪಡೆದದ್ದು ಹದಿನಾರು ತಾಸು.

1 ಅಕ್ಟೋಬರ್ 2025ರಿಂದ ತಯಾರಾಗುವ ಹೊಸ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯವಾಗಿದೆ. ಒಳ್ಳೆಯ ಕೆಲಸ, ನಮ್ಮ ಮುಂದಿನ ಪೀಳಿಗೆಯ ಡ್ರೈವರ್‌ಗಳು ತಂಪಾಗಿ ಓಡಿಸಲಿ. ನನ್ನದು 2019ರ ಗಾಡಿ. ಹೊಸದೇ ಸಿಕ್ಕರೂ ಕೀಲಿ ಸೆಕ್ಯೂರಿಟಿಯವರ ಮೇಜಿನ ಮೇಲಿರುವ ತನಕ ಆ ಏಸಿ ನನ್ನ ಪಾಲಿಗೆ ನಡೆಯುವುದಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ನಡೆದದ್ದನ್ನು ಹೇಳುತ್ತೇನೆ. ಆನ್‌ಲೈನ್ ಮಾರಾಟದ ಸುಗ್ಗಿ, ಸತತ ನಾಲ್ಕನೆಯ ರಾತ್ರಿ ನನ್ನ ಓಟ. ಹರಿಹರ ದಾಟಿ ರಾಣೆಬೆನ್ನೂರಿನ ಕಡೆ ಬರುತ್ತಿದ್ದೆ, ಮೂರೂಕಾಲು ಆಗಿರಬೇಕು. ಗಾಲಿ ರಸ್ತೆಯ ಅಂಚಿನ ಉಬ್ಬುಪಟ್ಟಿಗೆ ತಾಗಿ ಗರಗರ ಸದ್ದಾಯಿತು. ಕಣ್ಣು ಬಿಟ್ಟರೆ ಎದುರಿಗೆ ಗೋವಿನಜೋಳ ಹೇರಿದ ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪವಿಲ್ಲ, ಟ್ರಾಲಿಯ ಮೇಲೆ ಒಬ್ಬ ಹುಡುಗ ಕಂಬಳಿ ಹೊದ್ದು ಮಲಗಿದ್ದ. ಬಲಕ್ಕೆ ಎಳೆದೆ. ಎಷ್ಟು ಅಂತರದಲ್ಲಿ ತಪ್ಪಿತು ಎಂದು ಹೇಳಲಾರೆ. ಕೈಕಾಲು ನಡುಗಲು ಹತ್ತಿದವು. ಸರ್ವಿಸ್ ರಸ್ತೆಗೆ ಇಳಿಯೋಣ ಎಂದರೆ ಅಲ್ಲಿ ಉದ್ದಕ್ಕೂ ಜೋಳ ಹರವಿದ್ದರು. ರೈತರಿಗೂ ಬೇರೆ ಕಣವಿಲ್ಲ. ಮುಂದೆ ಒಂದು ಬಾಗಿಲು ಹಾಕಿದ ಢಾಬಾದ ಅಂಗಳದಲ್ಲಿ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆ ಇಟ್ಟೆ.

ಹನ್ನೆರಡು ನಿಮಿಷಕ್ಕೆ ಫೋನ್ ಬಂತು, ಕಂಟ್ರೋಲ್ ರೂಮಿನಿಂದ.

“ಯಾಕ್ರೀ ಅಣ್ಣಾರ, ಗಾಡಿ ನಿಂತೈತಲ್ರೀ?”

“ನಿದ್ದಿ ಎಳಿಲಿಕ್ಕತ್ತೈತೋ ತಮ್ಮಾ. ಅರ್ಧಾ ತಾಸು ಮಕ್ಕೊಂಡು ಹೊಂಡತೇನಿ.”

“ಮಾರಿ ತೊಳಕೊಂಡು ಹೊಂಡ್ರೀ. ನನಗೂ ಮ್ಯಾಲಿಂದ ಕೇಳತಾರ್ರೀ.”

ಆ ಹುಡುಗನ ಮೇಲೆ ನನಗೆ ಬೇಸರವಿಲ್ಲ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಅವನೂ ರಾತ್ರಿ ಪಾಳಿ. ಅವನ ಪರದೆಯ ಮೇಲೆ ನಮ್ಮ ಗಾಡಿಗಳು ಚುಕ್ಕಿಗಳಾಗಿ ಓಡುತ್ತಿರುತ್ತವೆ, ನಿಂತ ಚುಕ್ಕಿ ಕೆಂಪಗಾಗುತ್ತದೆ. ಕೆಂಪು ಚುಕ್ಕಿಗೆ ಫೋನ್ ಮಾಡುವುದು ಅವನ ಕೆಲಸ.

ಮುಖ ತೊಳೆದುಕೊಂಡು ಹೊರಟೆ. ಬಂಕಾಪುರ ಟೋಲ್ ಹತ್ತಿರ ಬಂದಾಗ ನಾಲ್ಕು ಮುಕ್ಕಾಲು. ನಮ್ಮೂರಿಗೆ ತಿರುಗುವ ದಾರಿ ಅಲ್ಲೇ ಬರುತ್ತದೆ, ಟೋಲ್‌ನಿಂದ ಆರು ಕಿಲೊಮೀಟರ್. ವಾರದಲ್ಲಿ ಆರು ರಾತ್ರಿ ಆ ತಿರುವನ್ನು ದಾಟುತ್ತೇನೆ. ಒಮ್ಮೆ ನಮ್ಮ ಮನೆಯವಳು ಮಗನ ಬೈಕಿನ ಮೇಲೆ ಕುಂತು, ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ತಿರುವಿಗೆ ಬಂದು ನಿಂತಿದ್ದಳು. ಗಂಟು ಇಸಿದುಕೊಂಡು ಎರಡು ಮಾತಾಡಿ ಹೊರಟೆ. ಆರು ನಿಮಿಷ ನಿಂತಿದ್ದೆ ಎಂದು ಮರುದಿನದ ರಿಪೋರ್ಟಿನಲ್ಲಿ ಇತ್ತು.

ಬಾಡಿ ಲಾರಿಯ ಕಾಲದಲ್ಲಿ ಜೊತೆಗೆ ಕ್ಲೀನರ್ ಇರುತ್ತಿದ್ದ. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರಿದ ರಾತ್ರಿ ಇಬ್ಬರೂ ಸೀನುತ್ತ, ಮಾತಾಡುತ್ತ ತುಮಕೂರು ಮುಟ್ಟುತ್ತಿದ್ದೆವು. ನನಗೆ ತೂಕಡಿಕೆ ಬಂದರೆ ಅವನು ತೊಡೆ ಚಿವುಟುತ್ತಿದ್ದ. ಗೇಟಿನ ಮುಂದೆ ಗಾಡಿ ಸರಿಸುವ ಕೆಲಸವೂ ಅವನದೇ ಇತ್ತು, ಆದ್ದರಿಂದ ನಾನು ಮಲಗುತ್ತಿದ್ದೆ. ಕಂಟೇನರ್ ಬಂತು, ಹಗ್ಗ ಬಿಗಿಯುವ, ತಾಡಪತ್ರಿ ಹೊದಿಸುವ ಕೆಲಸ ಇಲ್ಲವಾಯಿತು, ಕ್ಲೀನರನ ಪಗಾರ ದಂಡ ಎಂದು ತೆಗೆದರು. ಅವನು ಮಾಡುತ್ತಿದ್ದ ಕೆಲಸಗಳಲ್ಲಿ ಹಗ್ಗ ಮತ್ತು ತಾಡಪತ್ರಿಯನ್ನು ಮಾತ್ರ ಲೆಕ್ಕ ಹಿಡಿದರು.

ಕಾನೂನು ಏನು ಹೇಳುತ್ತದೆ ಎಂದು ಹುಬ್ಬಳ್ಳಿಯ ವಕೀಲರೊಬ್ಬರು ನನಗೆ ಓದಿ ಹೇಳಿದರು. 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿತ್ತಂತೆ. ದಿನಕ್ಕೆ 8 ತಾಸು, ವಾರಕ್ಕೆ 48. ದೂರದ ಮಾರ್ಗಗಳಲ್ಲಿ ದಿನಕ್ಕೆ 10ರ ತನಕ ಹೋಗಬಹುದು. ಐದು ತಾಸು ದುಡಿದವನಿಗೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಕೊಡಬೇಕು. ಅಂದರೆ ಆ ರಾತ್ರಿ ನಾನು ಫೋನಿನಲ್ಲಿ ಕೇಳಿದ ಅರ್ಧ ತಾಸು ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ನನ್ನ ಹಕ್ಕಾಗಿಯೇ ಇತ್ತು.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ನನ್ನ ಸಂಕಟವೆಲ್ಲ ಅಲ್ಲಿದೆ. ಕೆಲಸದ ಹೊತ್ತು ಎಂದರೆ ಏನೇನು ಎಂದು ಹೇಳುವಾಗ ಗಾಡಿ ಓಡುವ ಹೊತ್ತು, ಅದಕ್ಕೆ ಹೊಂದಿದ ಇತರ ಕೆಲಸದ ಹೊತ್ತು, ಮತ್ತು ಟರ್ಮಿನಲ್‌ನಲ್ಲಿ ಸುಮ್ಮನೆ ಹಾಜರಿರುವ 15 ನಿಮಿಷಕ್ಕಿಂತ ಕಡಿಮೆ ಹೊತ್ತು ಎಂದು ಬರೆದಿದ್ದಾರೆ. ಹದಿನಾಲ್ಕು ನಿಮಿಷ ಕಾದರೆ ಅದು ಕೆಲಸ. ಏಳು ತಾಸು ಕಾದರೆ? ಆ ಮಾತನ್ನು ಬಸ್‌ಸ್ಟ್ಯಾಂಡ್ ಕಣ್ಣ ಮುಂದೆ ಇಟ್ಟುಕೊಂಡು ಬರೆದಿರಬೇಕು ಎಂದು ನನಗೆ ಅನಿಸುತ್ತದೆ. ಬಸ್ಸು ಕಾಲು ತಾಸಿಗಿಂತ ಹೆಚ್ಚು ನಿಂತರೆ ಡ್ರೈವರ್ ಇಳಿದು ಚಹಾ ಕುಡಿಯಬಹುದು, ರೆಸ್ಟ್‌ರೂಮಿನಲ್ಲಿ ಅಡ್ಡಾಗಬಹುದು. ಟೋಕನ್ ಹಿಡಿದು ಸಾಲಿನಲ್ಲಿ ನಿಂತ ಲಾರಿಯವನಿಗೆ ಅದು ಸಾಧ್ಯವಿಲ್ಲ. ನವೆಂಬರ್ 2025ರಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯೊಳಗೆ ಆ ಹಳೆಯ ಕಾಯ್ದೆ ಸೇರಿಹೋಯಿತು. ಈ 15 ನಿಮಿಷವೂ ಅದರ ಜೊತೆಗೇ ಬಂತು.

ಅಪಘಾತವಾದ ಮೇಲೆ ಡ್ರೈವರ್‌ನನ್ನು ಏನು ಮಾಡಬೇಕು ಎಂಬ ಬಗ್ಗೆ ಈ ದೇಶದಲ್ಲಿ ಬಹಳ ಚರ್ಚೆಯಾಗಿದೆ. ಪ್ರಾಣಹಾನಿ ಮಾಡಿ, ತಿಳಿಸದೆ ಓಡಿಹೋದರೆ 10 ವರ್ಷದ ತನಕ ಶಿಕ್ಷೆ ಎಂದು ಭಾರತೀಯ ನ್ಯಾಯ ಸಂಹಿತೆಯ 106(2) ಹೇಳಿತು. ಜನವರಿ 2024ರಲ್ಲಿ ಅದರ ವಿರುದ್ಧ ಲಾರಿಗಳು ನಿಂತವು. ಆ ಜುಲೈ 1ರಂದು ಸಂಹಿತೆ ಜಾರಿಯಾದಾಗ ಈ ಉಪವಿಧಿಯನ್ನು ಬದಿಗಿಟ್ಟರು. ಬಿದ್ದವರನ್ನು ಬಿಟ್ಟು ಓಡುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ರಾತ್ರಿ ಟ್ರಾಲಿಯ ಮೇಲೆ ಮಲಗಿದ್ದ ಹುಡುಗನಿಗೆ ಏನಾದರೂ ಆಗಿದ್ದರೆ ಪೊಲೀಸರು ನನ್ನ ಬಾಯಿಯ ವಾಸನೆ ನೋಡುತ್ತಿದ್ದರು, ಲೈಸೆನ್ಸ್ ನೋಡುತ್ತಿದ್ದರು. ಹಿಂದಿನ ನಾಲ್ಕು ದಿನ ನಾನು ಎಷ್ಟು ತಾಸು ಮಲಗಿದ್ದೆ ಎಂಬುದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಿದ್ದರು?

ಲೆಕ್ಕ ಸಿಗುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ನಾನು ಆರು ನಿಮಿಷ ರೊಟ್ಟಿಗಾಗಿ ನಿಂತದ್ದು ಗೊತ್ತಾಗುವ ಜಿಪಿಎಸ್‌ಗೆ ಏಳು ತಾಸು ಗೇಟಿನ ಮುಂದೆ ನಿಂತದ್ದೂ ಗೊತ್ತಿದೆ. ಯಾವ ಹೊತ್ತಿಗೆ ಹತ್ತು ಮೀಟರ್ ಸರಿದೆ ಎಂಬುದೂ ಅದರಲ್ಲಿದೆ. ಇವತ್ತು ಆ ದಾಖಲೆ ಕಂಪನಿಯ ಕೈಯಲ್ಲಿದೆ, ನನ್ನ ಬತ್ತಾ ಕಡಿಯಲು ಮಾತ್ರ ಬಳಕೆಯಾಗುತ್ತಿದೆ. ಅದನ್ನು ಡ್ರೈವರ್‌ಗೂ ಕೊಡಬೇಕು, ಕಾರ್ಮಿಕ ಇಲಾಖೆ ಕೇಳಿದಾಗ ಅವರಿಗೂ ಕೊಡಬೇಕು. ಗೇಟಿನ ಎಂಟ್ರಿಯಿಂದ ಗೇಟಿನ ಎಕ್ಸಿಟ್ ತನಕದ ಹೊತ್ತನ್ನು ಪೂರ್ತಿ ಕೆಲಸವೆಂದೇ ಹಿಡಿಯಬೇಕು, ಆ 15 ನಿಮಿಷದ ಮಾತು ಕಾನೂನಿನಿಂದ ಹೋಗಬೇಕು. ಕಾಯಿಸಿದ ಹೊತ್ತಿಗೆ ದುಡ್ಡು ಕೊಡಬೇಕಾಗಿ ಬಂದ ದಿನವೇ ಕಂಪನಿಗಳು ಏಳನೆಯ, ಎಂಟನೆಯ ಡಾಕ್ ಕಟ್ಟುತ್ತವೆ. ಅಲ್ಲಿಯ ತನಕ ಹಬ್‌ನ ಒಳಗೆ ಹತ್ತು ಮಂಚ, ಎರಡು ಫ್ಯಾನು, ಶೌಚಾಲಯ ಇರುವ ಒಂದು ಕೋಣೆ ಇರಲಿ. ಸಾಲಿನಲ್ಲಿ ಗಾಡಿ ಸರಿಸಲು ಒಬ್ಬ ಸ್ಥಳೀಯ ಡ್ರೈವರ್‌ನನ್ನು ಇಟ್ಟುಕೊಳ್ಳಲಿ. ಒಬ್ಬನ ಪಗಾರದಲ್ಲಿ ಇಪ್ಪತ್ತು ಜನ ಮಲಗುತ್ತಾರೆ.

ನಾಳೆಯೇ ಪಾರ್ಸೆಲ್ ಬೇಕು ಎಂದು ಕೇಳುವ ಗ್ರಾಹಕರನ್ನು ನಾನು ದೂರುವುದಿಲ್ಲ. ಸುತ್ತಮುತ್ತಲಿನ ಜಿಲ್ಲೆಗಳ ಔಷಧ ಅಂಗಡಿಗಳು ಬೆಂಗಳೂರಿನಿಂದ ರಾತ್ರಿ ಬರುವ ಗಾಡಿಯ ದಾರಿ ಕಾಯುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಢಾಬಾಗಳೆಲ್ಲ ಮುಚ್ಚಿದ್ದಾಗ ಮಂಡಕ್ಕಿ ತಿಂದು, ನೀರು ಕುಡಿದು ಆ ಮಾತ್ರೆಗಳನ್ನು ಮುಟ್ಟಿಸಿದ್ದೇವೆ. ಮುಂದೆಯೂ ಮುಟ್ಟಿಸುತ್ತೇವೆ. ಓಡಿಸುವ ಹೊತ್ತನ್ನು ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ, ನಿಲ್ಲಿಸಿಕೊಂಡ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ.

ಕಾರ್ಮಿಕ ಇಲಾಖೆಯ ಅಧಿಕಾರಿಗಳಲ್ಲಿ ಒಂದು ವಿನಂತಿ. ಒಂದು ದಿನ ಬೆಳಿಗ್ಗೆ 10ಕ್ಕೆ ಯಾವುದೇ ಪಾರ್ಸೆಲ್ ಹಬ್‌ನ ಗೇಟಿಗೆ ಬನ್ನಿ. ಆಫೀಸಿನ ಒಳಗೆ ಹೋಗುವ ಮೊದಲು ಹೊರಗೆ ಗಿಡದ ನೆರಳಿನಲ್ಲಿ ಕುಂತವರನ್ನು ಮಾತಾಡಿಸಿ. ನಿನ್ನೆ ರಾತ್ರಿ ಎಷ್ಟಕ್ಕೆ ಬಿಟ್ಟಿರಿ, ಇವತ್ತು ಎಷ್ಟಕ್ಕೆ ಬಿಡುತ್ತೀರಿ, ನಡುವೆ ಎಷ್ಟು ಮಲಗಿದಿರಿ ಎಂದು ಕೇಳಿ, ಬರೆದುಕೊಳ್ಳಿ.