ಲೇತ್ ಭಂಗಾರಿಗೆ ಹೋಗುವ ಮುನ್ನ

ಮುಂಬಯಿಯಲ್ಲಿ ಗುಜರಿಗೆ ‘ಭಂಗಾರ್’ ಎನ್ನುತ್ತಾರೆ. ಊರಿನಿಂದ ಹೊಸದಾಗಿ ಬಂದ ಕನ್ನಡಿಗರಿಗೆ ಅದು ಮೊದಮೊದಲು ‘ಬಂಗಾರ’ ಎಂದೇ ಕೇಳಿಸುತ್ತದೆ. ಕುರ್ಲಾದಲ್ಲೋ ಸಾಕಿನಾಕಾದಲ್ಲೋ ಒಂದು ಗಾಲಾ ಮುಚ್ಚಿದಾಗ, ಹಾಗೆ ತಪ್ಪಾಗಿ ಕೇಳಿಸಿಕೊಂಡದ್ದೇ ಸರಿಯಿತ್ತೇನೋ ಅನ್ನಿಸುತ್ತದೆ. ಮೂವತ್ತು ವರ್ಷ ದುಡಿದ ಲೇತ್ ಮಿಷನ್ ಅಲ್ಲಿ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಅದನ್ನು ನಡೆಸುತ್ತಿದ್ದ ಟರ್ನರ್‌ನ ಕೈಗೆ ಕಿಲೋ ಲೆಕ್ಕದ ಬೆಲೆಯೂ ಸಿಗುವುದಿಲ್ಲ. ಅವರು ನಿವೃತ್ತರಾಗಿ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಪೇಪರ್ ಓದುತ್ತ ಕೂರುತ್ತಾರೆ. ಮೊಮ್ಮಗ ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಗೇರ್ ತಿರುಗಿಸುತ್ತಿರುತ್ತಾನೆ. ಅಜ್ಜನಿಗೆ ಗೊತ್ತಿರುವುದು ಮೊಮ್ಮಗನಿಗೆ ತಲುಪುವ ದಾರಿ ಇಲ್ಲ.

ಆ ದಾರಿಯನ್ನು ತೆರೆಯಬಲ್ಲ ವಸ್ತುವೊಂದಿದೆ: ಅಂಗೈ ಮೇಲೆ ಕೂರುವಷ್ಟು ದೊಡ್ಡ ಉಗಿ ಎಂಜಿನ್. ಅಂಗಡಿಯಿಂದ ತಂದದ್ದಲ್ಲ, ಹಿತ್ತಾಳೆಯ ಸರಳು, ಉಕ್ಕಿನ ತುಂಡಿನಿಂದ ಸಣ್ಣ ಲೇತ್‌ನಲ್ಲಿ ಕಡೆದದ್ದು. ಇಂಗ್ಲೆಂಡಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಮನೆಯ ಹಿಂದಿನ ಶೆಡ್ಡುಗಳಲ್ಲಿ ಜನ ಇದನ್ನು ಹವ್ಯಾಸವಾಗಿ ಮಾಡಿಕೊಂಡು ಬಂದಿದ್ದಾರೆ. ಮುಂಬಯಿಗೆ ಅದನ್ನು ಅಲ್ಲಿಂದ ಎರವಲು ತರುವ ಅಗತ್ಯವಿಲ್ಲ.

ಮಝಗಾಂವ್‌ನಲ್ಲಿ 1833ರಲ್ಲಿ, ಹಡಗು ಕಟ್ಟುವ ವಾಡಿಯಾ ಮನೆತನದ ಅರ್ದೇಶಿರ್ ಕರ್ಸೆಟ್‌ಜಿ ಎಂಬ ಯುವಕ ಒಂದು ಅಶ್ವಶಕ್ತಿಯ ಉಗಿ ಎಂಜಿನ್ನನ್ನು ತಾನೇ ಕಟ್ಟಿದ. ಬಾವಿಯ ನೀರನ್ನು ಮೇಲೆತ್ತಿ ಕಾರಂಜಿಗೆ ಹರಿಸುವುದು ಅದರ ಕೆಲಸ. ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಹೊರಟದ್ದು 1853ರ ಏಪ್ರಿಲ್ 16ರಂದು. ಅದಕ್ಕೆ ಇನ್ನೂ ಇಪ್ಪತ್ತು ವರ್ಷವಿತ್ತು. ಅರ್ದೇಶಿರ್ ಎಂಜಿನಿಯರಿಂಗ್ ಕಾಲೇಜಿನಿಂದ ಬಂದವರಲ್ಲ, ಹಡಗುಕಟ್ಟೆಯಲ್ಲಿ ಪಳಗಿದವರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಆ ಗೌರವ ಪಡೆದ ಮೊದಲ ಭಾರತೀಯ ಅವರೇ. 1969ರಲ್ಲಿ ಅವರ ಹೆಸರಲ್ಲಿ ಅಂಚೆಚೀಟಿ ಬಂತು. ಅವರ ಎಲ್ಲ ಕೆಲಸದ ಮೊದಲ ತುದಿಯಲ್ಲಿರುವುದು ಮನೆಯ ಮಟ್ಟದ ಒಂದು ಪುಟ್ಟ ಎಂಜಿನ್. ಕೈಯಿಂದ ಮಾಡಿ ನೋಡಿದವನಿಗೆ ದೊಡ್ಡ ಯಂತ್ರದ ಭಯ ಹೋಗುತ್ತದೆ.

ಪುಟ್ಟ ಎಂಜಿನ್ನಿನ ಪಾಠ ಎಂಥದು ಎಂದು ತಿಳಿಯಲು ಅದರ ಒಂದೆರಡು ಭಾಗ ನೋಡಿದರೆ ಸಾಕು. ಕಲಿಯುವವರಿಗೆ ಅತ್ಯಂತ ಸರಳವಾದದ್ದು ಓಲಾಡುವ ಸಿಲಿಂಡರಿನ ಎಂಜಿನ್. ಇದರಲ್ಲಿ ಬೇರೆ ವಾಲ್ವ್ ಇಲ್ಲ. ಸಿಲಿಂಡರಿನ ಬದಿಯಲ್ಲಿ ಒಂದು ತೂತು, ಅದು ಒರಗಿ ನಿಂತ ಫಲಕದಲ್ಲಿ ಎರಡು ತೂತು. ಕ್ರ್ಯಾಂಕ್ ತಿರುಗಿದಂತೆ ಸಿಲಿಂಡರು ತೊಟ್ಟಿಲಿನ ಹಾಗೆ ಓಲಾಡುತ್ತದೆ. ಒಂದು ಕಡೆಗೆ ಓಲಿದಾಗ ಉಗಿ ಒಳಗೆ ಬರುತ್ತದೆ, ಇನ್ನೊಂದು ಕಡೆಗೆ ಓಲಿದಾಗ ಹೊರಗೆ ಹೋಗುತ್ತದೆ. ಹತ್ತು ಹನ್ನೆರಡು ಬಿಡಿಭಾಗಗಳಲ್ಲಿ ಕೆಲಸ ಮುಗಿಯುತ್ತದೆ.

ಆದರೆ ಪಿಸ್ಟನ್ನು ಸಿಲಿಂಡರಿನೊಳಗೆ ಸಲೀಸಾಗಿ ಜಾರಬೇಕು, ಉಗಿಯನ್ನೂ ಬಿಡಬಾರದು. ಎರಡರ ನಡುವಿನ ಸಂದು ತಲೆಗೂದಲಿಗಿಂತ ತೆಳ್ಳಗಿರಬೇಕು. ಲೇತ್‌ನಲ್ಲಿ ಟೂಲನ್ನು 0.1 ಮಿಲಿಮೀಟರ್ ಒಳಗೆ ಸರಿಸಿದರೆ ಸರಳಿನ ವ್ಯಾಸದಲ್ಲಿ 0.2 ಮಿಲಿಮೀಟರ್ ಹೋಗುತ್ತದೆ, ಏಕೆಂದರೆ ಸರಳು ತಿರುಗುತ್ತಿರುವುದರಿಂದ ಎರಡು ಕಡೆಯಿಂದಲೂ ಲೋಹ ಕಡಿಮೆಯಾಗುತ್ತದೆ. ಕಾಗದದ ಮೇಲೆ ಇದು ಯಾರಿಗೂ ಅರ್ಥವಾಗುತ್ತದೆ. ಆದರೂ ಹೊಸಬರು ಮೊದಲ ದಿನ ಇಲ್ಲೇ ಎಡವುತ್ತಾರೆ. ಪರದೆಯ ಮೇಲೆ ತಪ್ಪಿದರೆ ಒಂದು ಕೀಲಿ ಒತ್ತಿ ಹಿಂದಕ್ಕೆ ಹೋಗಬಹುದು. ಕಡೆದು ಹೋದ ಹಿತ್ತಾಳೆ ಮರಳಿ ಬರುವುದಿಲ್ಲ. ಹಾಗಾಗಿ ಕೈ ನಿಧಾನವಾಗುತ್ತದೆ, ಅಳೆಯುವ ಅಭ್ಯಾಸ ಬೆಳೆಯುತ್ತದೆ. ಟೂಲು ಲೋಹವನ್ನು ಕಡಿಯುತ್ತಿದೆಯೋ ಬರೀ ಉಜ್ಜುತ್ತಿದೆಯೋ ಎಂದು ಸದ್ದಿನಿಂದ ಗುರುತಿಸುವುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು. ಅದು ಹಳೆಯ ಟರ್ನರ್ ಪಕ್ಕದಲ್ಲಿ ನಿಂತು “ಕೇಳಿಸ್ತಾ?” ಎಂದಾಗ ಮಾತ್ರ ಬರುವ ವಿದ್ಯೆ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಉಗಿಯ ಕಾಲ ಮುಗಿಯಿತಲ್ಲ ಎಂಬುದು ಮೊದಲನೆಯದು. ಹಳಿಯ ಮೇಲೆ ಮುಗಿದಿರುವುದು ನಿಜ. ಆದರೆ 1956ರಿಂದ ಮುಂಬಯಿಗೆ ವಿದ್ಯುತ್ ಕೊಡುತ್ತಿರುವ ಟ್ರಾಂಬೆಯ ಸ್ಥಾವರ ನಡೆಯುವುದು ಮುಖ್ಯವಾಗಿ ಉಗಿಯಿಂದ. 1969ರಲ್ಲಿ ಶುರುವಾದ ತಾರಾಪುರದ ಅಣುಸ್ಥಾವರವೂ ಕೊನೆಗೆ ಮಾಡುವುದು ನೀರು ಕುದಿಸುವ ಕೆಲಸವನ್ನೇ. ಉಗಿಯ ಕಾಲ ಮುಗಿಯಿತು ಎಂಬ ಮಾತನ್ನು ಬರೆಯುವ ಕಂಪ್ಯೂಟರಿಗೆ ಕರೆಂಟು ಬರುವುದು ಬಹುಪಾಲು ಉಗಿಯಿಂದಲೇ.

ಅಪಾಯದ ಮಾತು ಇನ್ನೂ ಗಂಭೀರವಾದದ್ದು. ನೀರು ಉಗಿಯಾದಾಗ ಸಾಮಾನ್ಯ ಒತ್ತಡದಲ್ಲಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಸಣ್ಣ ಬಾಯ್ಲರ್ ಕೂಡ ಒಡೆದರೆ ಆಟಿಕೆಯಾಗಿ ಉಳಿಯುವುದಿಲ್ಲ. ನಮ್ಮ ಬಾಯ್ಲರ್ ಕಾನೂನು 25 ಲೀಟರಿಗಿಂತ ಚಿಕ್ಕ ಪಾತ್ರೆಗಳನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಇದನ್ನು ಸಲುಗೆ ಎಂದು ತಿಳಿಯಬಾರದು. ತಪಾಸಣೆಗೆ ಯಾರೂ ಬರುವುದಿಲ್ಲ ಎಂದಾದ ಮೇಲೆ ಹೊಣೆ ಪೂರ್ತಿ ಮಾಡುವವನದೇ. ತಾಮ್ರದ ಬಾಯ್ಲರಿಗೆ ಬೆಳ್ಳಿ ಬೆಸುಗೆಯೇ ಬೇಕು, ಸೀಸದ ಬೆಸುಗೆ ಶಾಖಕ್ಕೆ ಕೈಕೊಡುತ್ತದೆ. ಉಗಿ ತುಂಬುವ ಮೊದಲು ತಣ್ಣೀರು ತುಂಬಿ, ಕೆಲಸದ ಒತ್ತಡದ ಎರಡು ಪಟ್ಟು ಒತ್ತಡದಲ್ಲಿ ಪರೀಕ್ಷಿಸಬೇಕು. ಸೇಫ್ಟಿ ವಾಲ್ವ್ ಇಲ್ಲದೆ ಒಲೆ ಹಚ್ಚಲೇಬಾರದು. ಶಾಲೆಯ ಮಕ್ಕಳಿಗಂತೂ ಬಾಯ್ಲರೇ ಬೇಡ. ಅದೇ ಎಂಜಿನ್ ಸೈಕಲ್ ಪಂಪಿನ ಗಾಳಿಯಿಂದಲೂ ತಿರುಗುತ್ತದೆ, ಕಲಿಯಬೇಕಾದ ಪಾಠ ಅಷ್ಟರಲ್ಲೇ ಸಿಗುತ್ತದೆ.

ಉಳಿದದ್ದು ಜಾಗದ ಪ್ರಶ್ನೆ. ಮುಂಬಯಿಯನ್ನು ಬಲ್ಲವರು ಮೊದಲು ಕೇಳುವುದೂ ಇದನ್ನೇ. ಚಕ್ಕಿನಿಂದ ಇನ್ನೊಂದು ತುದಿಗೆ 300 ಮಿಲಿಮೀಟರ್ ಇರುವ ಲೇತ್ ಮೇಜಿನ ಮೇಲೆ ಕೂರುತ್ತದೆ, ಮನೆಯ ಪ್ಲಗ್ಗಿನಲ್ಲಿ ಓಡುತ್ತದೆ. ಆದರೆ ಒಂದು ಕೋಣೆ–ಅಡುಗೆಮನೆಯ ಸಂಸಾರದಲ್ಲಿ ಆ ಮೇಜು ಎಲ್ಲಿ? ಎಣ್ಣೆ, ಚೂಪು ಲೋಹದ ಸಿಪ್ಪೆ, ರಾತ್ರಿ ಒಂಬತ್ತಕ್ಕೆ ಗೋಡೆಯಾಚೆ ಕೇಳುವ ಗುರ್ ಸದ್ದು, ಮರುದಿನ ಸೊಸೈಟಿಯ ಕಾರ್ಯದರ್ಶಿಯ ಪತ್ರ. ಇದನ್ನು ಒಪ್ಪಿಕೊಳ್ಳಲೇಬೇಕು. ಇಂಗ್ಲೆಂಡಿನ ಹಿತ್ತಿಲ ಶೆಡ್ಡು ಇಲ್ಲಿ ಬಹಳ ಜನರಿಗೆ ಸಿಗುವುದಿಲ್ಲ. ಹಾಗಾಗಿ ಮುಂಬಯಿಯಲ್ಲಿ ಈ ಹವ್ಯಾಸ ಉಳಿಯಬೇಕಾದರೆ ಹಲವರು ಸೇರಿ ಬಳಸುವ ಲೇತ್ ಬೇಕು.

ಅಂಥ ಲೇತ್‌ಗೆ ಜಾಗ ಇಲ್ಲವೆಂದಲ್ಲ, ಯೋಚನೆ ಇಲ್ಲ. 2016ರಿಂದ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಗೆ ಹಣ ಕೊಡುತ್ತಿದೆ. ಒಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ. ಆ ಲ್ಯಾಬ್‌ಗಳ ಮುಖ್ಯ ಆಕರ್ಷಣೆ ಸೆನ್ಸರು, ರೋಬೊ ಕಿಟ್ಟು, ತ್ರೀ-ಡಿ ಪ್ರಿಂಟರು. ಅವು ಬೇಡವೆಂದು ಯಾರೂ ಹೇಳಬೇಕಿಲ್ಲ. ಆದರೆ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಸುರಿಯುವ ಯಂತ್ರವೊಂದೇ ‘ಮಾಡುವುದು’ ಎಂದರೇನೆಂದು ಕಲಿಸಲಾರದು. ಅದರ ಪಕ್ಕದಲ್ಲಿ ಒಂದು ಚಿಕ್ಕ ಲೇತ್, ವಾರಕ್ಕೆರಡು ದಿನ ಬರುವ ಒಬ್ಬ ನಿವೃತ್ತ ಟರ್ನರ್, ಅವರಿಗೆ ಮರ್ಯಾದೆಯ ಸಂಭಾವನೆ ಇರಬೇಕು.

ಕನ್ನಡ ಸಂಘಗಳಿಗೂ ಇದರಲ್ಲಿ ಪಾಲಿದೆ. ಹಗಲು ಹೋಟೆಲು, ಕಾರ್ಖಾನೆಗಳಲ್ಲಿ ದುಡಿದು ಬಂದ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ಕಟ್ಟಿದ್ದು ಮುಂಬಯಿ ಕನ್ನಡಿಗರ ದೊಡ್ಡ ಸಾಧನೆ. ಆಗ ಕೈಗೆ ಕೆಲಸವಿತ್ತು, ಅಕ್ಷರ ಬೇಕಿತ್ತು. ಈಗಿನ ಮಕ್ಕಳಿಗೆ ಅಕ್ಷರ ಸಾಕಷ್ಟಿದೆ, ಕೈ ಸುಮ್ಮನೆ ಕೂತಿದೆ. ಮಾಟುಂಗಾದ ಕರ್ನಾಟಕ ಸಂಘದ ಸಭಾಗೃಹಕ್ಕೆ ವಿಶ್ವೇಶ್ವರಯ್ಯನವರ ಹೆಸರಿದೆ. ಸೆಪ್ಟೆಂಬರ್ 15ರಂದು ಎಲ್ಲೆಡೆ ಅವರ ಫೋಟೋಗೆ ಹಾರ ಹಾಕುತ್ತಾರೆ. ಯಾವುದಾದರೊಂದು ಸಂಘ ಆ ದಿನ ತನ್ನ ಒಂದು ಕೋಣೆಯಲ್ಲಿ ಲೇತ್ ಕೂರಿಸಿದರೆ, ಹಾರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಬೇಕಾದ ಟೂಲುಗಳು ನಾಗದೇವಿ ಸ್ಟ್ರೀಟಿನಲ್ಲಿವೆ, ಹಿತ್ತಾಳೆ ತಾಮ್ರ ಗುಲಾಲವಾಡಿಯಲ್ಲಿದೆ. ಕಲಿಸಬಲ್ಲವರು ಉಪನಗರಗಳ ಫ್ಲ್ಯಾಟುಗಳಲ್ಲಿದ್ದಾರೆ, ಇನ್ನೂ ಕೆಲವು ವರ್ಷ.

ಆ ‘ಕೆಲವು ವರ್ಷ’ ಎಂಬುದೇ ಇಲ್ಲಿನ ಮುಖ್ಯ ಮಾತು. ಲೇತ್‌ಗಳು ಮುಂದೆಯೂ ತಯಾರಾಗುತ್ತವೆ, ಹಣವಿದ್ದರೆ ಸಿಗುತ್ತವೆ. ಸದ್ದು ಕೇಳಿ ಟೂಲಿನ ಮೊನೆ ಮಂಡಾಗಿದೆ ಎನ್ನಬಲ್ಲ ಕಿವಿ ಮಾತ್ರ ಖರೀದಿಗೆ ಸಿಗುವುದಿಲ್ಲ. ಮುಂದಿನ ಸಲ ಗಾಲಾದ ಬಾಗಿಲಿಗೆ ಭಂಗಾರ್‌ನವರ ಟೆಂಪೋ ಬಂದು ನಿಂತಾಗ, ತೂಕ ಹಾಕುವ ಮೊದಲು ಆ ಲೇತ್ ನಡೆಸಿದವರು ಯಾರು, ಈಗ ಎಲ್ಲಿದ್ದಾರೆ ಎಂದು ಯಾರಾದರೂ ಕೇಳಬೇಕು.