ಹೊಸಿಲು ದಾಟದ ಗಾಲಿಕುರ್ಚಿ

ಹಲಸೂರಿನ ನಮ್ಮ ಮನೆಯ ಬಚ್ಚಲಿಗೆ ನಾಲ್ಕು ಅಂಗುಲ ಎತ್ತರದ ಹೊಸಿಲಿದೆ. ನೀರು ಹಜಾರಕ್ಕೆ ಹರಿಯದಿರಲೆಂದು ತಂದೆಯವರು ಕಟ್ಟಿಸಿದ್ದು. ದಶಕಗಳ ಕಾಲ ಯಾರ ಗಮನಕ್ಕೂ ಬಾರದಿದ್ದ ಆ ಹೊಸಿಲು, ಪಾರ್ಶ್ವವಾಯುವಿನಿಂದ ತಾಯಿಯವರ ಬಲಭಾಗ ಸ್ವಾಧೀನ ತಪ್ಪಿದ ಮೇಲೆ ಮನೆಯ ಅತಿ ದೊಡ್ಡ ಸಮಸ್ಯೆಯಾಯಿತು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮಾತ್ರೆಗಳ ಪಟ್ಟಿ ಕೈಗೆ ಬಂತು, ಫಿಸಿಯೋಥೆರಪಿ ಮುಂದುವರಿಸಬೇಕೆಂಬ ಸೂಚನೆಯೂ ಬಂತು. ಮನೆ ಹೇಗಿದೆ, ಮೆಟ್ಟಿಲೆಷ್ಟು, ಶೌಚಾಲಯ ಯಾವ ಬಗೆಯದು ಎಂದು ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ, ಹೇಳಬೇಕಾದ ಸಂಗತಿಯೆಂಬುದೇ ನಮಗೆ ತಿಳಿದಿರಲಿಲ್ಲ.

ಐದು ತಿಂಗಳ ನಂತರ ಪರಿಚಿತರ ಮೂಲಕ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಮನೆಗೆ ಬಂದರು. ಅವರು ತಾಯಿಯವರ ಕೈಯನ್ನು ಮುಟ್ಟುವ ಮೊದಲು ಕೇಳಿದ ಪ್ರಶ್ನೆ ಇಷ್ಟೇ: ‘ಅಮ್ಮಾ, ನಿಮ್ಮ ಕೈಯಾರೆ ಏನು ಮಾಡಿಕೊಳ್ಳಬೇಕು ಅನ್ನಿಸುತ್ತೆ?’ ‘ನನ್ನ ಕಾಫಿ ನಾನೇ ಬೆರೆಸಿಕೋಬೇಕು’ ಎಂದರು ತಾಯಿ. ಅಲ್ಲಿಂದ ಕೆಲಸ ಆರಂಭವಾಯಿತು. ಸ್ವಾಧೀನವಿರುವ ಎಡಬದಿಯಿಂದ ಏಳುವಂತೆ ಮಂಚ ತಿರುಗಿತು. ತಟ್ಟೆ ಜಾರದಂತೆ ಅಡಿಯಲ್ಲಿ ಒದ್ದೆ ಬಟ್ಟೆ, ಒಂದೇ ಕೈಯಲ್ಲಿ ತರಕಾರಿ ಹೆಚ್ಚಲು ಎರಡು ಮೊಳೆ ಹೊಡೆದ ಹಲಗೆ, ಕುಪ್ಪಸದ ಹುಕ್ಕುಗಳ ಜಾಗದಲ್ಲಿ ವೆಲ್ಕ್ರೋ ಬಂದವು. ತೊಡುವಾಗ ಬಲಹೀನವಾದ ತೋಳು ಮೊದಲು, ಕಳಚುವಾಗ ಕೊನೆಗೆ ಎಂಬ ಪಾಠವೂ ಆಯಿತು. ಬಚ್ಚಲಿನ ಬಾಗಿಲಿಗೆ ಎರಡೂ ಪಕ್ಕ ಹಿಡಿಕೆ ಬೇಕೆಂದರು. ಒಳಹೋಗುವಾಗ ಎಡಕ್ಕಿರುವ ಹಿಡಿಕೆ ಹೊರಬರುವಾಗ ಬಲಕ್ಕಾಗುತ್ತದೆ ಎಂಬ ಸರಳ ಸತ್ಯ ನಮಗಾರಿಗೂ ಹೊಳೆದಿರಲಿಲ್ಲ. ಬಡಗಿಯ ಕೂಲಿ ಸೇರಿ ಒಟ್ಟು ಖರ್ಚು ಮೂರು ಸಾವಿರ ರೂಪಾಯಿ ದಾಟಲಿಲ್ಲ.

ಕನ್ನಡದಲ್ಲಿ ಇದನ್ನು ‘ಔದ್ಯೋಗಿಕ ಚಿಕಿತ್ಸೆ’ ಎನ್ನುತ್ತಾರೆ. ಹೆಸರು ದಾರಿ ತಪ್ಪಿಸುವಂಥದ್ದು. ‘ಈ ವಯಸ್ಸಿನಲ್ಲಿ ಅಮ್ಮನಿಗೆ ಯಾವ ಉದ್ಯೋಗ?’ ಎಂದು ನೆರೆಯವರು ಕೇಳಿದ್ದುಂಟು. ಫಿಸಿಯೋಥೆರಪಿ ಸ್ನಾಯುವಿಗೆ ಬಲ ತುಂಬಿದರೆ, ಇದು ಇರುವ ಬಲದಲ್ಲೇ ಉಣ್ಣುವ, ಉಡುವ, ಮೀಯುವ ಬಗೆಯನ್ನು ಕಲಿಸುತ್ತದೆ. ನಮ್ಮ ದೇಶಕ್ಕೆ ಇದು ಹೊಸದೇನೂ ಅಲ್ಲ. ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಅವರು 1950ರಲ್ಲೇ ಇದರ ಶಾಲೆ ತೆರೆದರು. ನಮ್ಮ ಮಣಿಪಾಲದಲ್ಲಿಯೂ ಇದರ ಪದವಿ ಶಿಕ್ಷಣವಿದೆ. ಆದರೂ ಈ ವೃತ್ತಿಯನ್ನು ಒಳಗೊಂಡ ರಾಷ್ಟ್ರೀಯ ಆಯೋಗದ ಕಾಯ್ದೆ ಬರಲು 2021ರವರೆಗೆ ಕಾಯಬೇಕಾಯಿತು.

ವಿಚಿತ್ರವೆಂದರೆ, ಈ ಸೇವೆ ತಿಳಿದ ಸಂಸ್ಥೆಗಳು ನಗರದ ಪೂರ್ವ ಭಾಗದಲ್ಲೇ ಇವೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಲಿಂಗರಾಜಪುರದಲ್ಲಿದೆ. ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ. ಆದರೆ ನಾಲ್ಕಾರು ಸ್ವಯಂಸೇವಾ ಸಂಸ್ಥೆಗಳು ಇಷ್ಟು ದೊಡ್ಡ ನಗರದ ಮನೆಮನೆಗೂ ಹೋಗಲಾರವು. ಹೋಗಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿದ್ದ ಅಂಗವಿಕಲರ ಸಂಖ್ಯೆ 13.24 ಲಕ್ಷ.

ಇನ್ನು ಸರ್ಕಾರದ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪುನರ್ವಸತಿ ಸೇವೆಯ ಹೊಣೆಯನ್ನು ಸರ್ಕಾರದ ಜೊತೆಗೆ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿದೆ. ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ನುಣುಚಿಕೊಳ್ಳುವ ದಾರಿಯನ್ನೂ ಅಲ್ಲೇ ಇಟ್ಟಿದೆ. ಹಣವಿಲ್ಲವೆಂಬುದು ಪೂರ್ಣ ಸತ್ಯವಲ್ಲ. ನಗರ ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಅನುದಾನವನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮ ರಾಜ್ಯದಲ್ಲಿದೆ. ಆ ಹಣದಲ್ಲಿ ತ್ರಿಚಕ್ರ ವಾಹನ ಕೊಡುತ್ತಾರೆ. ಅದು ಬೇಕಾದವರಿಗೆ ಉಪಕಾರವಾಗಿದೆ, ಅಲ್ಲಗಳೆಯಲಾರೆ. ಆದರೆ ವೇದಿಕೆಯ ಮೇಲೆ ಹಸ್ತಾಂತರಿಸಬಹುದಾದ ವಸ್ತುವಿನ ಕಡೆಗೇ ನಮ್ಮ ಆಡಳಿತದ ಒಲವು. ಬಚ್ಚಲಿನ ಹಿಡಿಕೆಯನ್ನು ಯಾವ ಸಚಿವರು ಉದ್ಘಾಟಿಸಿಯಾರು?

ಶಿವಾಜಿನಗರದ ವಠಾರವೊಂದರಲ್ಲಿ ನಾನು ಕಂಡ ದಾನದ ಗಾಲಿಕುರ್ಚಿಯ ಮೇಲೆ ಒಗೆದ ಬಟ್ಟೆ ಹರಡಿತ್ತು. ಬಾಗಿಲಿನ ಅಗಲ ಕುರ್ಚಿಗಿಂತ ಕಡಿಮೆ. ಶೌಚಾಲಯ ಅಂಗಳದಾಚೆ, ಆರು ಮನೆಗೆ ಒಂದೇ. ಬೆನ್ನುಹುರಿಗೆ ಪೆಟ್ಟಾದ ಯುವಕನನ್ನು ಅವನ ತಾಯಿಯೇ ದಿನಕ್ಕೆ ಎರಡು ಬಾರಿ ಎತ್ತಿ ಸಾಗಿಸುತ್ತಿದ್ದರು. ಆಕೆಯ ಸೊಂಟ ಎಷ್ಟು ವರ್ಷ ತಾಳೀತು ಎಂಬ ಲೆಕ್ಕ ಯಾವ ಕಡತದಲ್ಲಿಯೂ ಇಲ್ಲ. ಕೆ.ಆರ್. ಪುರದ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಲಿಫ್ಟ್ ಇದೆ, ಸರಿ. ಆದರೆ ಸ್ನಾನದ ಮನೆಯ ಬಾಗಿಲು ಅಲ್ಲಿಯೂ ಕಿರಿದೇ. ಮೆಟ್ರೊ 2011ರಲ್ಲೇ ಹಲಸೂರಿಗೆ ಬಂತು, ನಿಲ್ದಾಣದಲ್ಲಿ ಲಿಫ್ಟೂ ಇದೆ. ಮೊದಲ ಮಹಡಿಯ ಮನೆಯಿಂದ ಕೆಳಗಿಳಿಯಲಾರದವರಿಗೆ ಅದರಿಂದೇನು ಫಲ?

ಚಿಕಿತ್ಸಕರ ಸಂಖ್ಯೆ ಕಡಿಮೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಚಿಕಿತ್ಸಕರು ದಿನವೂ ಬರಬೇಕಿಲ್ಲ. ಒಮ್ಮೆ ಮನೆ ನೋಡಿ ಯೋಜನೆ ಹಾಕಿಕೊಟ್ಟರೆ, ಮುಂದಿನದನ್ನು ತರಬೇತಿ ಪಡೆದವರು ನೋಡಿಕೊಳ್ಳಬಹುದು. ಅಂಥವರು ನಮ್ಮಲ್ಲಿದ್ದಾರೆ: ಗೌರವಧನದ ಮೇಲೆ ದುಡಿಯುವ, ಬಹುಪಾಲು ಸ್ವತಃ ಅಂಗವಿಕಲರೇ ಆದ ನಗರ ಪುನರ್ವಸತಿ ಕಾರ್ಯಕರ್ತರು. ಈಗ ಅವರ ಪಾಲಿಗೆ ಬಂದಿರುವುದು ಹೆಚ್ಚಾಗಿ ಪಿಂಚಣಿ, ಗುರುತಿನ ಚೀಟಿಗಳ ಅರ್ಜಿ ಕೆಲಸ. ನೆರೆಯ ತಮಿಳುನಾಡು 2021ರ ಆಗಸ್ಟ್‌ನಲ್ಲಿ, ನಮ್ಮ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯಲ್ಲೇ, ಮನೆಬಾಗಿಲಿಗೆ ಔಷಧದ ಜೊತೆಗೆ ಫಿಸಿಯೋಥೆರಪಿಯನ್ನೂ ಒಯ್ಯುವ ಯೋಜನೆ ಆರಂಭಿಸಿತು. ನಮ್ಮ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಹೊರಟದ್ದು ಮುಖ್ಯವಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ತಪಾಸಣೆಗೆ. ಮನೆಯೊಳಗೆ ಕಾಲಿಟ್ಟ ಕಾರ್ಯಕರ್ತೆ ಬಚ್ಚಲನ್ನೂ ಒಮ್ಮೆ ನೋಡಿ ಬರಲು ಹೊಸ ಇಲಾಖೆಯೇನೂ ಬೇಕಿಲ್ಲ.

2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತು. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿದವು. ಈ ಎರಡು ಪಾಲಿಕೆಗಳಾದರೂ ತಮ್ಮ ಶೇ 5ರ ಹಣದಲ್ಲಿ ಒಂದು ಪಾಲನ್ನು ತೆಗೆದು ತಲಾ ನಾಲ್ವರು ಚಿಕಿತ್ಸಕರನ್ನು, ಜೊತೆಗೊಬ್ಬ ಬಡಗಿಯನ್ನು ನೇಮಿಸಿ ಒಂದು ವರ್ಷ ನಡೆಸಿ ನೋಡಲಿ. ಮೊದಲ ಭೇಟಿಗೆ ಶಿವಾಜಿನಗರದ ಆ ವಠಾರದ ದಾರಿಯನ್ನು ನಾನೇ ತೋರಿಸಬಲ್ಲೆ.